ಜೌಗಿನ ಜೇಕು: ಭತ್ತದ ಲೆಕ್ಕ ಇಲ್ಲಿ ನಡೆಯದು

ನಮ್ಮ ಗದ್ದೆಯಲ್ಲಿ ಜೇಕು ಎಂದರೆ ಕಿತ್ತು ಬದುವಿಗೆ ಎಸೆಯುವ ಕಳೆ. ಅದರದೇ ಕುಟುಂಬದ ಕ್ಯಾರೆಕ್ಸ್ ಕೊಮೋಸಾವನ್ನು ಉತ್ತರ ಅಮೆರಿಕದಲ್ಲಿ ಬೀಜ ಹಾಕಿ, ಕಾದು, ಬೆಳೆಸುತ್ತಾರೆ. ಹಾಳಾದ ಜೌಗನ್ನು ಮತ್ತೆ ಚಿಗುರಿಸಲು, ಕೆರೆಯಂಚಿನ ಮಣ್ಣು ಕೊಚ್ಚಿಹೋಗದಂತೆ ತಡೆಯಲು ಅದು ಬೇಕು. ಗುರುತು ಸುಲಭ: ತೆನೆ ಬಾಟಲಿ ತೊಳೆಯುವ ಬ್ರಷ್ಷಿನಂತೆ ಜೋತಾಡುತ್ತದೆ, ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಅಂಚು ತಗಲುತ್ತವೆ.

ಬೇಸಿಗೆಯ ಕೊನೆಗೆ ತೆನೆ ಕಂದುಬಣ್ಣಕ್ಕೆ ತಿರುಗಿ, ಸವರಿದರೆ ಉದುರುವಂತಾದಾಗ ಬೀಜ ಸಂಗ್ರಹಿಸಬೇಕು. ಕೈಗೆ ಬರುವುದು ಬರಿಯ ಬೀಜವಲ್ಲ. ಉದ್ದ ಕೊಕ್ಕಿನ ಪುಟ್ಟ ಚೀಲ. ಅದನ್ನು ಪೆರಿಜಿನಿಯಮ್ ಎನ್ನುತ್ತಾರೆ. ಸೀಳಿದರೆ ಒಳಗೆ ಮೂರು ಮೂಲೆಯ ಕಾಯಿ. ಭತ್ತದ ಬೀಜವನ್ನು ಉಪ್ಪು ನೀರಿಗೆ ಹಾಕಿ, ತೇಲಿದ್ದನ್ನು ಜಳ್ಳೆಂದು ತೆಗೆದುಹಾಕುತ್ತೇವಲ್ಲ, ಆ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ. ಚೀಲದೊಳಗಿನ ಗಾಳಿಯಿಂದ ಗಟ್ಟಿ ಬೀಜವೂ ತೇಲುತ್ತದೆ. ನೀರಿನ ಮೇಲೆ ತೇಲಿ ದೂರ ಸಾಗುವುದೇ ಅದರ ಉಪಾಯ. ಉಗುರಿನಿಂದ ಒತ್ತಿ ನೋಡಿ. ಚಪ್ಪಟೆಯಾದರೆ ಜಳ್ಳು.

ಮುಂದಿನದು ಚಳಿ. ಒದ್ದೆ ಮರಳಿನಲ್ಲಿ ಬೆರೆಸಿ ಸುಮಾರು 60 ದಿನ ಫ್ರಿಜ್ಜಿನಲ್ಲಿಟ್ಟರೆ ಸಾಕು. ಬೀಜಕ್ಕೆ ಒಂದು ಚಳಿಗಾಲ ಕಳೆದಂತೆ.

ನಾನು ಎಡವಿದ್ದು ಬಿತ್ತನೆಯಲ್ಲಿ. ಮೊದಲ ಟ್ರೇಯಲ್ಲಿ ಅಭ್ಯಾಸಬಲದಿಂದ ಬೀಜದ ಮೇಲೆ ಬೆರಳ ದಪ್ಪ ಮಣ್ಣು ಮುಚ್ಚಿದೆ. ಒಂದೂ ಏಳಲಿಲ್ಲ. ಎರಡನೆಯದರಲ್ಲಿ ಒದ್ದೆ ಮಣ್ಣಿನ ಮೇಲೆ ಚೆಲ್ಲಿ, ಅಂಗೈಯಿಂದ ಒತ್ತಿಬಿಟ್ಟೆ, ಅಷ್ಟೇ. ಅದು ಹಸುರಾಯಿತು. ಈ ಬೀಜಕ್ಕೆ ಬೆಳಕು ಬೇಕು. ಜೊತೆಗೆ ಹಗಲು ಬಿಸಿ, ರಾತ್ರಿ ತಂಪು ಎಂಬ ಏರಿಳಿತವೂ ಬೇಕು. ಕಾರಣ ಜೌಗಿನಲ್ಲೇ ಇದೆ. ಆಳ ನೀರಿನಡಿ, ದಟ್ಟ ಎಲೆಗಳ ನೆರಳಿನಲ್ಲಿ ಬೆಳಕು ಕಡಿಮೆ, ಉಷ್ಣತೆಯೂ ಹೆಚ್ಚು ಬದಲಾಗುವುದಿಲ್ಲ. ನೀರು ಇಳಿದು ಕೆಸರು ಬಿಸಿಲಿಗೆ ತೆರೆದುಕೊಂಡಾಗ ಎರಡೂ ಒಟ್ಟಿಗೆ ಸಿಗುತ್ತವೆ. ಈಗ ಎದ್ದರೆ ಬದುಕಬಹುದು ಎಂದು ಬೀಜಕ್ಕೆ ತಿಳಿಯುವುದು ಹಾಗೆ. ಜೌಗಿನ ಗಿಡವಾದರೂ ಅದರ ತೊಟ್ಟಿಲು ನೀರಲ್ಲ, ಬಯಲಾದ ಕೆಸರು.

ಆದ್ದರಿಂದ ನೀರನ್ನು ಮೇಲಿಂದ ಸುರಿಯಬೇಡಿ, ಬೀಜ ಒಂದು ಮೂಲೆಗೆ ಹೋಗಿ ಗುಡ್ಡೆಯಾಗುತ್ತದೆ. ತೂತಿರುವ ಟ್ರೇಯನ್ನು ತೆಳುವಾಗಿ ನೀರು ನಿಂತ ತಟ್ಟೆಯಲ್ಲಿಟ್ಟರೆ ಮಣ್ಣೇ ಹೀರಿಕೊಳ್ಳುತ್ತದೆ. ಮೊದಲ ಎಲೆ ಕೂದಲೆಳೆಯಷ್ಟು ತೆಳು; ಹುಲ್ಲೆಂದು ಕಿತ್ತೀರಿ, ಜೋಕೆ. ಸಸಿ ಗೇಣುದ್ದ ಆಗುವವರೆಗೆ ಅದರ ತಲೆ ಮುಳುಗಬಾರದು. ಆಮೇಲೆ ಬುಡದಲ್ಲಿ ಎರಡು ಬೆರಳು ನೀರು ನಿಂತರೂ ಅದಕ್ಕೆ ಚಿಂತೆಯಿಲ್ಲ.