ಚುನಾಯಿತ ನ್ಯಾಯಾಧೀಶ: ಯಾರಿಂದ, ಎಷ್ಟು ಸಲ?

“ಅಮೆರಿಕದಲ್ಲಿ ನ್ಯಾಯಾಧೀಶರನ್ನು ಜನರೇ ಚುನಾಯಿಸುತ್ತಾರೆ.” ನ್ಯಾಯಾಂಗ ನೇಮಕಾತಿಯ ಮಾತು ಎದ್ದಲ್ಲೆಲ್ಲ ಈ ವಾಕ್ಯ ಹಾಜರ್. ಬೆನ್ನಿಗೇ ಇನ್ನೊಬ್ಬರು “ಸ್ವಿಟ್ಜರ್ಲೆಂಡಿನ ಫೆಡರಲ್ ನ್ಯಾಯಾಧೀಶರೂ ಚುನಾಯಿತರೇ” ಎನ್ನುತ್ತಾರೆ. ಮತ್ತೊಬ್ಬರು ಜರ್ಮನಿಯನ್ನು ಎಳೆದು ತರುತ್ತಾರೆ. ಮೊದಲ ಮಾತು ಅರ್ಧ ನಿಜ. ಉಳಿದೆರಡು ಅಕ್ಷರಶಃ ನಿಜ, ಆದರೆ ಹೇಳುವವರ ತಲೆಯಲ್ಲಿರುವ ಮತಗಟ್ಟೆ, ಸರತಿ ಸಾಲು, ಪ್ರಚಾರ ಭಾಷಣ ಯಾವುದೂ ಅಲ್ಲಿಲ್ಲ.

ಅಮೆರಿಕದ್ದನ್ನು ಬೇಗ ಮುಗಿಸೋಣ. ಅಲ್ಲಿನ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿಯೂ ಜನರ ಮತದಿಂದ ಬಂದವರಲ್ಲ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಸದ್ವರ್ತನೆ ಇರುವಷ್ಟು ಕಾಲ ಹುದ್ದೆ ಉಳಿಯುತ್ತದೆ. ಜನ ಮತ ಹಾಕುವುದು ರಾಜ್ಯಗಳ ನ್ಯಾಯಾಲಯಗಳಿಗೆ, ಅದೂ ಎಲ್ಲ ರಾಜ್ಯಗಳಲ್ಲಲ್ಲ. ಟೆಕ್ಸಾಸಿನಲ್ಲಿ ಪಕ್ಷದ ಹೆಸರು ಹೊತ್ತೇ ಸ್ಪರ್ಧೆ. ವಿಸ್ಕಾನ್ಸಿನ್‌ನಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರಿರುವುದಿಲ್ಲ, ಆದರೆ ಯಾರು ಯಾವ ಕಡೆಯವರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ನ್ಯೂಜೆರ್ಸಿಯಲ್ಲಿ ಗವರ್ನರ್, ಅಂದರೆ ಜನ ಚುನಾಯಿಸಿದ ರಾಜ್ಯ ಸರ್ಕಾರದ ಮುಖ್ಯಸ್ಥರು, ನೇಮಿಸುತ್ತಾರೆ.

ಗೊಂದಲದಲ್ಲಿ ನಮ್ಮ ಪದಗಳದ್ದೂ ಪಾಲಿದೆ. ‘ಆಯ್ಕೆ’ಯ ಬೇರು ‘ಆಯ್’. ಅಕ್ಕಿಯಲ್ಲಿ ಕಲ್ಲು ಆಯುವುದು, ಉದುರಿದ ಹೂ ಆಯುವುದು ಎನ್ನುವಾಗ ಇರುವ ಅದೇ ಧಾತು. ರಾಶಿಯೊಳಗಿಂದ ಒಂದನ್ನು ಬೇರ್ಪಡಿಸಿ ತೆಗೆಯುವುದು ಅದರ ಅರ್ಥ. ಆಯುವ ಕೈ ಒಂದೋ ಒಂದು ಕೋಟಿಯೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ‘ಚುನಾವಣೆ’ ಹಿಂದಿಯ ‘ಚುನ್‌ನಾ’ದ ಬಳಗದ್ದು, ಅದೂ ಹೆಕ್ಕುವುದೇ. ಇಂಗ್ಲಿಷಿನ ‘ಎಲೆಕ್ಷನ್’ ಹಿಂದಿರುವ ಲ್ಯಾಟಿನ್ ಕ್ರಿಯಾಪದದ ಅರ್ಥವೂ ಹೆಕ್ಕಿ ತೆಗೆಯುವುದು. ಮೂರರ ಹೊಟ್ಟೆಯಲ್ಲೂ ಮತಪೆಟ್ಟಿಗೆ ಇಲ್ಲ. ಚುನಾವಣೆ ಎಂದೊಡನೆ ಸಾರ್ವತ್ರಿಕ ಮತದಾನ ಎಂದು ಕೇಳಿಸುವುದು ನಮ್ಮ ಕಿವಿಗೆ ಈಚೆಗೆ ಅಂಟಿದ ಅಭ್ಯಾಸ. ‘ನೇಮಕ’ದ ದಾರಿ ಬೇರೆ. ಅದು ‘ನೇಮ’ದಿಂದ, ಅಂದರೆ ‘ನಿಯಮ’ದ ತದ್ಭವದಿಂದ ಬಂದದ್ದು, ಇಂಥವರಿಗೆ ಇಂಥ ಕೆಲಸ ಎಂದು ಗೊತ್ತುಮಾಡುವುದು. ಹಾಗಾಗಿ ಆಯ್ಕೆ, ನೇಮಕ ಎದುರುಬದುರು ನಿಂತ ಪದಗಳೇ ಅಲ್ಲ. ಮೊದಲು ಆಯುತ್ತಾರೆ, ಆಮೇಲೆ ನೇಮಿಸುತ್ತಾರೆ. “ನೂತನ ಮುಖ್ಯ ನ್ಯಾಯಮೂರ್ತಿ ಆಯ್ಕೆ” ಎಂಬ ತಲೆಬರಹ ನೋಡಿ: ಆದದ್ದು ಮತ ಎಣಿಕೆಯೋ, ಸಮಿತಿಯ ಸಭೆಯೋ, ರಾಷ್ಟ್ರಾಧ್ಯಕ್ಷರ ಸಹಿಯೋ, ಪದ ಬಾಯಿ ಬಿಡುವುದಿಲ್ಲ. ಆಯ್ಕೆ ಎಂದು ಬರೆದ ಮೇಲೆ ‘ಯಾರಿಂದ’ ಎಂದು ಬರೆಯದಿದ್ದರೆ ವಾಕ್ಯ ಮುಗಿದಿಲ್ಲ ಎಂದೇ ಲೆಕ್ಕ.

ಜರ್ಮನಿಯ ಫೆಡರಲ್ ಸಂವಿಧಾನ ನ್ಯಾಯಾಲಯದ 16 ನ್ಯಾಯಾಧೀಶರನ್ನು ಅರ್ಧದಷ್ಟು ಸಂಸತ್ತಾದ ಬುಂಡೆಸ್ಟಾಗ್, ಇನ್ನರ್ಧ ರಾಜ್ಯಗಳನ್ನು ಪ್ರತಿನಿಧಿಸುವ ಸಭೆಯಾದ ಬುಂಡೆಸ್‌ರಾಟ್ ಚುನಾಯಿಸುತ್ತವೆ. ಮೂರನೇ ಎರಡರಷ್ಟು ಬಹುಮತ ಬೇಕು. ಅಂದರೆ ಒಂದೇ ಪಕ್ಷ ತನಗೆ ಬೇಕಾದವರನ್ನು ಸುಮ್ಮನೆ ತಂದು ಕೂರಿಸಲಾಗದು, ಎದುರು ಪಾಳಯಕ್ಕೂ ಒಪ್ಪಿಗೆಯಾಗುವ ಹೆಸರು ಹುಡುಕಬೇಕು. ಅವಧಿ 12 ವರ್ಷ, ಮರುಚುನಾವಣೆ ಇಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ 15 ನ್ಯಾಯಾಧೀಶರನ್ನು ಚುನಾಯಿಸುವುದು ವಿಶ್ವಸಂಸ್ಥೆಯ ಮಹಾಸಭೆ ಮತ್ತು ಭದ್ರತಾ ಮಂಡಳಿ. ಇವರನ್ನೆಲ್ಲ ತೋರಿಸಿ “ನೋಡಿ, ಜನ ಆರಿಸಿದ ನ್ಯಾಯಾಧೀಶರು” ಎನ್ನುವುದು ವಾದವಲ್ಲ, ಪದದ ಮರೆಯಲ್ಲಿ ಆಡುವ ಆಟ.

‘ಯಾರಿಂದ’ ಎಂಬುದನ್ನಾದರೂ ಕೇಳುವವರಿದ್ದಾರೆ. ‘ಎಷ್ಟು ಸಲ’ ಎಂದು ಕೇಳುವವರೇ ಇಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಚುನಾವಣೆಯೋ ನೇಮಕವೋ ಎಂದು ಜಗಳವಾಡುವಾಗ ಇಬ್ಬರೂ ನೋಡುವುದು ಒಳಬರುವ ಬಾಗಿಲನ್ನು. ತೀರ್ಪು ಬರೆಯಲು ಕುಳಿತವರಿಗೆ ಬಂದ ಬಾಗಿಲು ಮುಗಿದುಹೋದ ಕಥೆ. ಹುದ್ದೆ ಉಳಿಯಬೇಕಾದರೆ ಮತ್ತೆ ಯಾರ ಮುಂದೆ ನಿಲ್ಲಬೇಕು ಎಂಬುದು ಮಾತ್ರ ಎದುರಿಗೇ ಇರುತ್ತದೆ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಕೋಕ್ ಅವರನ್ನು ದೊರೆ ಒಂದನೇ ಜೇಮ್ಸ್ 1616ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆಯಿಂದ ಕಿತ್ತುಹಾಕಿದ್ದು ನೇಮಕದ ತಪ್ಪಿನಿಂದಲ್ಲ. ಹುದ್ದೆ ದೊರೆಯ ಮರ್ಜಿ ಇರುವವರೆಗೆ ಎಂಬ ಷರತ್ತಿನಿಂದ. 1701ರ ಉತ್ತರಾಧಿಕಾರ ಕಾಯ್ದೆ ನೇಮಿಸುವ ಅಧಿಕಾರವನ್ನು ದೊರೆಯ ಬಳಿಯೇ ಬಿಟ್ಟು, ‘ಮರ್ಜಿ ಇರುವವರೆಗೆ’ ಎಂಬುದನ್ನು ‘ಸದ್ವರ್ತನೆ ಇರುವವರೆಗೆ’ ಎಂದು ಬದಲಿಸಿತು. ನೇಮಿಸುವ ಕೈ ಅದೇ, ತೆಗೆಯುವ ಕೈ ಬೇರೆ. ಅಮೆರಿಕದ ಸಂವಿಧಾನದ ಪರವಾಗಿ 1788ರಲ್ಲಿ ಬರೆದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ವಾದವೂ ಇದೇ: ಅವಧಿ ಅವಧಿಗೆ ಮರಳಿ ಮಾಡುವ ನೇಮಕ, ಅದನ್ನು ಯಾರೇ ಮಾಡಲಿ, ಹೇಗೇ ಮಾಡಲಿ, ನ್ಯಾಯಾಧೀಶರ ಸ್ವಾತಂತ್ರ್ಯಕ್ಕೆ ಕುತ್ತು. ‘ಯಾರೇ ಮಾಡಲಿ’ ಎಂಬುದನ್ನು ಬಿಟ್ಟು ಹ್ಯಾಮಿಲ್ಟನ್‌ರನ್ನು ಉದ್ಧರಿಸುವವರೇ ಹೆಚ್ಚು.

2010ರ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಯೋವಾ ರಾಜ್ಯದ ಸುಪ್ರೀಂ ಕೋರ್ಟ್ 2009ರಲ್ಲಿ ಸಲಿಂಗ ವಿವಾಹಕ್ಕಿದ್ದ ತಡೆಯನ್ನು ಒಮ್ಮತದಿಂದ ತೆಗೆದುಹಾಕಿತು. ಅಲ್ಲಿ ನ್ಯಾಯಮೂರ್ತಿಗಳನ್ನು ನೇಮಿಸುವುದು ಗವರ್ನರ್. ನಿಗದಿತ ಕಾಲಕ್ಕೊಮ್ಮೆ ‘ಮುಂದುವರಿಯಬೇಕೇ, ಬೇಡವೇ’ ಎಂದು ಜನರನ್ನು ಕೇಳುತ್ತಾರೆ. ಎದುರಾಳಿ ಇರುವುದಿಲ್ಲ, ಹೌದು ಅಥವಾ ಇಲ್ಲ ಅಷ್ಟೆ. 2010ರ ನವೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಮಾರ್ಶಾ ಟರ್ನಸ್ ಸೇರಿ ಮೂವರ ಸರದಿ ಬಂದಿತ್ತು. ಮೂವರಿಗೂ ಜನ ‘ಇಲ್ಲ’ ಎಂದರು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂಜೆರ್ಸಿಯಲ್ಲಿ ನ್ಯಾಯಮೂರ್ತಿ ಜಾನ್ ವ್ಯಾಲೇಸ್ ಅವರ ಮೊದಲ ಏಳು ವರ್ಷ ಮುಗಿಯುತ್ತ ಬಂದಿತ್ತು. ಮರುನೇಮಕವಾದರೆ 70ನೇ ವಯಸ್ಸಿನವರೆಗೆ ಹುದ್ದೆ. ಅದಕ್ಕೆ ಎರಡು ವರ್ಷವೂ ಉಳಿದಿರಲಿಲ್ಲ. ಆ ನ್ಯಾಯಾಲಯವನ್ನೇ ಬದಲಿಸುತ್ತೇನೆ ಎಂದಿದ್ದ ಗವರ್ನರ್ ಕ್ರಿಸ್ ಕ್ರಿಸ್ಟಿ ಮರುನೇಮಕ ಮಾಡಲಿಲ್ಲ. 1947ರ ರಾಜ್ಯ ಸಂವಿಧಾನ ಬಂದ ಮೇಲೆ ಹಾಗಾದದ್ದು ಅದೇ ಮೊದಲು. ಒಂದು ಕಡೆ ಲಕ್ಷಾಂತರ ಮತದಾರರು, ಇನ್ನೊಂದು ಕಡೆ ಒಬ್ಬ ಗವರ್ನರ್. ಸಹೋದ್ಯೋಗಿಗಳಿಗೆ ಮುಟ್ಟಿದ ಸಂದೇಶದಲ್ಲಿ ವ್ಯತ್ಯಾಸ ಕಾಣುತ್ತದೆಯೇ? ನನಗಂತೂ ಕಾಣುವುದಿಲ್ಲ.

ಅಯೋವಾದ ಆ ಪದ್ಧತಿಗೆ ಮಿಸೌರಿ ಯೋಜನೆ ಎಂದು ಹೆಸರು. ಪಕ್ಷದ ದಳ್ಳಾಳಿಗಳು ನ್ಯಾಯಾಲಯದ ಚುನಾವಣೆಗಳನ್ನು ಕೈಯಲ್ಲಿಟ್ಟುಕೊಂಡದ್ದನ್ನು ಕಂಡು ಬೇಸತ್ತ ಮಿಸೌರಿ 1940ರಲ್ಲಿ ಇದನ್ನು ತಂದಿತು: ಆಯೋಗ ಮೂರು ಹೆಸರು ಕೊಡುತ್ತದೆ, ಗವರ್ನರ್ ಒಂದನ್ನು ಆರಿಸುತ್ತಾರೆ, ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಮೇಲೆ ಜನರ ಮುಂದೆ ಹೌದು-ಇಲ್ಲ ಮತ. ಹೀಗೆ ಬಂದವರನ್ನು ‘ಚುನಾಯಿತ’ ಎನ್ನುವುದೋ ‘ನೇಮಿತ’ ಎನ್ನುವುದೋ? ಎರಡು ಪದ ಹಿಡಿದು ಗುದ್ದಾಡುವವರು ಇದಕ್ಕೆ ಉತ್ತರ ಕೊಟ್ಟದ್ದನ್ನು ನೋಡಿಲ್ಲ. ನೇರ ಸ್ಪರ್ಧೆಯಿರುವ ರಾಜ್ಯಗಳಲ್ಲೂ ಅವಧಿಯ ನಡುವೆ ಸ್ಥಾನ ತೆರವಾದರೆ ಸಾಮಾನ್ಯವಾಗಿ ಗವರ್ನರ್ ಒಬ್ಬರನ್ನು ಕೂರಿಸುತ್ತಾರೆ, ಆಮೇಲೆ ಅವರೇ ಹಾಲಿ ನ್ಯಾಯಾಧೀಶರಾಗಿ ಚುನಾವಣೆಗೆ ನಿಲ್ಲುತ್ತಾರೆ.

ಚುನಾವಣೆ ಬೇಡವೇ ಬೇಡ ಎನ್ನುವವರು ತಿಳಿದುಕೊಳ್ಳಬೇಕಾದ ಸಂಗತಿಯೂ ಒಂದಿದೆ. ಎಲ್ಲ ನ್ಯಾಯಾಧೀಶರನ್ನೂ ಜನರ ಮತಕ್ಕೆ ಬಿಟ್ಟ ಮೊದಲ ರಾಜ್ಯ ಮಿಸಿಸಿಪಿ, 1832ರಲ್ಲಿ. 1846ರಲ್ಲಿ ನ್ಯೂಯಾರ್ಕ್ ಅದೇ ಹಾದಿ ಹಿಡಿದ ಮೇಲೆ ರಾಜ್ಯಗಳು ಸಾಲುಗಟ್ಟಿದವು. ಆಗಿನ ಸುಧಾರಕರು ಮುಂದಿಟ್ಟ ಕಾರಣಗಳಲ್ಲಿ ಒಂದು ನ್ಯಾಯಾಂಗದ ಸ್ವಾತಂತ್ರ್ಯ! ಗವರ್ನರು, ಶಾಸಕರು ತಮ್ಮವರನ್ನೇ ಪೀಠಕ್ಕೆ ತುಂಬುತ್ತಿದ್ದರು. ಜನರ ಬಲ ಸಿಕ್ಕರೆ ನ್ಯಾಯಾಧೀಶರು ಶಾಸನಸಭೆಯ ಕಾನೂನನ್ನೂ ಧೈರ್ಯವಾಗಿ ಅಸಿಂಧು ಎನ್ನಬಲ್ಲರು ಎಂಬ ಲೆಕ್ಕ. ಮೂರ್ಖ ಲೆಕ್ಕವೇನಲ್ಲ ಅದು. ಎರಡನೇ ಸಲ, ಮೂರನೇ ಸಲ ಮತ ಕೇಳಲು ಹೋಗಬೇಕಾದಾಗ ಆ ಬಲವೇ ಮಗ್ಗುಲು ಬದಲಿಸುತ್ತದೆ ಎಂಬುದಷ್ಟೇ ಅದರಲ್ಲಿ ಇರಲಿಲ್ಲ. ಪೆನ್ಸಿಲ್ವೇನಿಯಾದ ವಿಚಾರಣಾ ನ್ಯಾಯಾಧೀಶರು ಕೊಟ್ಟ ಶಿಕ್ಷೆಗಳನ್ನು ಗ್ರೆಗರಿ ಹ್ಯೂಬರ್ ಮತ್ತು ಸ್ಯಾನ್‌ಫರ್ಡ್ ಗಾರ್ಡನ್ ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದರು. ಜನರ ಮುಂದೆ ಹೋಗುವ ದಿನ ಹತ್ತಿರವಾದಷ್ಟೂ ಅದೇ ಬಗೆಯ ಅಪರಾಧಕ್ಕೆ ಶಿಕ್ಷೆ ಹೆಚ್ಚುತ್ತ ಹೋಗಿತ್ತು. ಹೆಚ್ಚುವರಿ ಜೈಲು ಅನುಭವಿಸಿದವರು ಮಾಡಿದ ತಪ್ಪು, ಅವರ ವಿಚಾರಣೆ ಕ್ಯಾಲೆಂಡರಿನ ತಪ್ಪು ಪುಟದಲ್ಲಿ ಬಂದದ್ದು.

ಹಣದ ಮಾತಿಗೆ ಒಂದೇ ಮೊಕದ್ದಮೆ ಸಾಕು. ವೆಸ್ಟ್ ವರ್ಜೀನಿಯಾದಲ್ಲಿ ಮ್ಯಾಸಿ ಕಲ್ಲಿದ್ದಲು ಕಂಪನಿ 5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2002ರಲ್ಲಿ ಜ್ಯೂರಿ ತೀರ್ಮಾನಿಸಿತು. ಮೇಲ್ಮನವಿ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ 2004ರ ಚುನಾವಣೆ ಬಂತು. ಕಂಪನಿಯ ಮುಖ್ಯಸ್ಥ ಡಾನ್ ಬ್ಲಾಂಕೆನ್‌ಶಿಪ್ ಸುಮಾರು 30 ಲಕ್ಷ ಡಾಲರ್ ಸುರಿದರು, ಅವರು ಬೆಂಬಲಿಸಿದ ಬ್ರೆಂಟ್ ಬೆಂಜಮಿನ್ ಗೆದ್ದರು. ಮೇಲ್ಮನವಿ ಬಂದಾಗ ಪೀಠದಿಂದ ಹಿಂದೆ ಸರಿಯಿರಿ ಎಂದು ಎದುರು ಕಕ್ಷಿದಾರರು ಕೇಳಿದರು, ಬೆಂಜಮಿನ್ ಒಪ್ಪಲಿಲ್ಲ. 3-2ರಿಂದ ಕಂಪನಿ ಗೆದ್ದಿತು. ಮೂವರಲ್ಲಿ ಬೆಂಜಮಿನ್ ಒಬ್ಬರು. ಅವರು ಹಿಂದೆ ಸರಿಯಲೇಬೇಕಿತ್ತು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದೂ 5-4ರ ಅಂತರದಲ್ಲಿ. ನಾಲ್ವರಿಗೆ ಇಷ್ಟೂ ಸಾಲಲಿಲ್ಲ!

ಜನರ ಮತ ತೆಗೆದು ಸಂಸತ್ತಿನ ಮತ ಇಟ್ಟರೆ ಕಾಟ ತಪ್ಪಿತು ಎನ್ನುವವರಿಗೆ ಸ್ವಿಟ್ಜರ್ಲೆಂಡ್ ಇದೆ. ಅಲ್ಲಿ ಫೆಡರಲ್ ನ್ಯಾಯಾಧೀಶರನ್ನು ಸಂಸತ್ತು ಆರು ವರ್ಷಕ್ಕೆ ಚುನಾಯಿಸುತ್ತದೆ, ಮತ್ತೆ ಮತ್ತೆ ಚುನಾಯಿಸಬಹುದು. ಸ್ಥಾನಗಳು ಪಕ್ಷಗಳ ಬಲಕ್ಕೆ ಅನುಗುಣವಾಗಿ ಹಂಚಿಕೆಯಾಗುತ್ತವೆ. ನ್ಯಾಯಾಧೀಶರು ತಮ್ಮ ಪಕ್ಷಕ್ಕೆ ವಂತಿಗೆ ಕಟ್ಟುವ ರೂಢಿಯೂ ಇದೆ. 2020ರಲ್ಲಿ ಸ್ವಿಸ್ ಪೀಪಲ್ಸ್ ಪಾರ್ಟಿ ತನ್ನದೇ ಪಕ್ಷದ ನ್ಯಾಯಾಧೀಶ ಈವ್ ಡಾಂಜಲಾ ಅವರನ್ನು ಮರುಚುನಾಯಿಸಬೇಡಿ ಎಂದಿತು. ಅವರ ತೀರ್ಪುಗಳು ಪಕ್ಷಕ್ಕೆ ಹಿಡಿಸಿರಲಿಲ್ಲ. ಉಳಿದ ಪಕ್ಷಗಳು ಕೈಹಿಡಿದದ್ದರಿಂದ ಅವರು ಉಳಿದರು. ಮರುವರ್ಷ, ಚೀಟಿ ಎತ್ತಿ ನ್ಯಾಯಾಧೀಶರನ್ನು ಆರಿಸಿ ನಿವೃತ್ತಿಯವರೆಗೆ ಬಿಡೋಣ ಎಂಬ ಪ್ರಸ್ತಾವ ಜನಮತಕ್ಕೆ ಬಂದು ದೊಡ್ಡ ಅಂತರದಲ್ಲಿ ಸೋತಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಬೇರೆ ಹಾದಿ ಹಿಡಿಯಿತು. ಮೊದಲು ಆರು ವರ್ಷ, ಮರುಚುನಾವಣೆ ಉಂಟು. 2010ರಿಂದ ಒಂಬತ್ತು ವರ್ಷ, ಒಂದೇ ಸಲ. ಚುನಾಯಿಸುವ ಸಭೆ ಬದಲಾಗಲಿಲ್ಲ, ‘ಚುನಾಯಿತ’ ಎಂಬ ಪದವೂ ಬದಲಾಗಲಿಲ್ಲ. ಬದಲಾಗಬೇಕಾದದ್ದು ಬದಲಾಯಿತು.

ಜಪಾನಿನದು ಇನ್ನೊಂದು ತುದಿ. ಸುಪ್ರೀಂ ಕೋರ್ಟಿಗೆ ನೇಮಕವಾದ ಮೇಲೆ ಬರುವ ಮೊದಲ ಕೆಳಮನೆ ಚುನಾವಣೆಯಲ್ಲಿ, ಆಮೇಲೆ ಹತ್ತು ವರ್ಷಕ್ಕೊಮ್ಮೆ, ಬೇಡವಾದವರ ಹೆಸರಿಗೆ ಮತದಾರರು ಕಾಟು ಗುರುತು ಹಾಕಬಹುದು. ಖಾಲಿ ಬಿಟ್ಟರೆ ಒಪ್ಪಿಗೆ ಎಂದು ಲೆಕ್ಕ. 1949ರಿಂದ ನಡೆದು ಬಂದಿದೆ, ಒಬ್ಬರೂ ಹುದ್ದೆ ಕಳೆದುಕೊಂಡಿಲ್ಲ. ಇದನ್ನೂ ‘ಜನರ ಹಿಡಿತ’ ಎಂದು ಉದಾಹರಿಸುವವರಿದ್ದಾರೆ, ಇರಲಿ.

ಈಗ ಎಲ್ಲರ ಬಾಯಲ್ಲಿರುವುದು ಮೆಕ್ಸಿಕೊ. 2024ರ ಸಂವಿಧಾನ ತಿದ್ದುಪಡಿಯ ನಂತರ 2025ರ ಜೂನ್ 1ರಂದು ಸುಪ್ರೀಂ ಕೋರ್ಟ್ ಸೇರಿ ಸಾವಿರಾರು ನ್ಯಾಯಾಂಗ ಹುದ್ದೆಗಳಿಗೆ ನೇರ ಮತದಾನವಾಯಿತು. ಬಂದವರು ಮತದಾರರಲ್ಲಿ ಶೇಕಡಾ 13ರಷ್ಟು. ಹೆಸರೇ ಕೇಳದ ಅಭ್ಯರ್ಥಿಗಳ ಉದ್ದ ಪಟ್ಟಿ ತುಂಬಿದ ಮತಪತ್ರಗಳು. ಯಾವ ಸಂಖ್ಯೆ ಬರೆಯಬೇಕು ಎಂದು ಮಡಿಕೆ ಚೀಟಿಗಳನ್ನು ಹಂಚಿದ್ದರು. ಅದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಅಕಾರ್ಡಿಯನ್’, ಮಡಿಕೆ ಮಡಿಕೆಯ ತಿದಿಯಿರುವ ವಾದ್ಯದ ಹೆಸರು. ಬೊಲಿವಿಯಾದಲ್ಲಿ 2011ರಲ್ಲಿ ಇಂಥದೇ ಮತದಾನವಾದಾಗ ಸಿಂಧು ಮತಗಳಿಗಿಂತ ಖಾಲಿ ಮತ್ತು ಅಸಿಂಧು ಮತಗಳೇ ಹೆಚ್ಚಿದ್ದವು. ಪರ-ವಿರೋಧ ಎರಡೂ ಕಡೆಯವರು ಈ ಅಂಕಿಗಳನ್ನೇ ಹಿಡಿದು ಎಳೆದಾಡುತ್ತಿದ್ದಾರೆ. ಮೆಕ್ಸಿಕೊದ ಹೊಸ ನಿಯಮದಲ್ಲಿ ನಾನು ಮೊದಲು ಹುಡುಕಿದ್ದು ಬೇರೆ ಸಾಲು. ಸುಪ್ರೀಂ ಕೋರ್ಟಿನವರಿಗೆ ಎರಡನೇ ಅವಧಿ ಇಲ್ಲ. ಕೆಳಗಿನ ಫೆಡರಲ್ ನ್ಯಾಯಾಧೀಶರಿಗೆ ಒಂಬತ್ತು ವರ್ಷ, ಆಮೇಲೆ ಮತ್ತೆ ಸ್ಪರ್ಧಿಸಬಹುದು. ಸಾಮಾನ್ಯರ ಮೊಕದ್ದಮೆಗಳು ಬಹುಪಾಲು ಮುಗಿಯುವುದು ಕೆಳಗಿನವರ ಮುಂದೆಯೇ.