ಹೋಗುವಾಗ ತೊಟ್ಟಿಲು, ಬರುವಾಗ ಜರಡಿ

ಕಾಫಿ ಚೀಲ ಹೇರಿಕೊಂಡು ಆಲ್ದೂರಿನ ಕಡೆಯಿಂದ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗೆ) ಹೋಗುವಾಗ ನಮ್ಮ ಹಳೆಯ ಪಿಕಪ್ ತೊಟ್ಟಿಲಿನಂತೆ ತೂಗುತ್ತಿತ್ತು. ಚೀಲ ಇಳಿಸಿ ವಾಪಸ್ ಬರುವಾಗ ಅದೇ ರಸ್ತೆ, ಅದೇ ಡ್ರೈವರ್, ಆದರೆ ಕೂತವರನ್ನು ಜರಡಿಗೆ ಹಾಕಿ ಆಡಿಸಿದ ಹಾಗೆ. ಒಮ್ಮೆ ಅಮ್ಮನನ್ನು ಕಣ್ಣು ತೋರಿಸಲು ಕರೆದುಕೊಂಡು ಹೋಗಿದ್ದೆ. ಮನೆ ಮುಂದೆ ಇಳಿದವರು ಸೊಂಟ ಹಿಡಿದುಕೊಂಡು ಹೇಳಿದರು: “ಇನ್ನು ಮುಂದೆ ಹೋಗೋದು ಚೀಲದ ಜೊತೆ, ಬರೋದು ಬಸ್ಸಲ್ಲಿ. ಖಾಲಿ ಗಾಡಿಗೆ ಮಾತ್ರ ನನ್ನ ಹತ್ತಿಸ್ಬೇಡ ಮಗ.”

ಅಮ್ಮನ ಮಾತಿನಲ್ಲಿ ಅರ್ಧ ಭೌತಶಾಸ್ತ್ರವಿತ್ತು. ಸ್ಪ್ರಿಂಗು ಎಷ್ಟು ಹಿಗ್ಗುತ್ತದೋ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲಿ ಬಿಡಿಸಿ ಹೇಳಿದ. ಆ ನಿಯಮದಿಂದ ನಮ್ಮಂಥವರಿಗೆ ಒಂದು ಬಾಯಿಲೆಕ್ಕ ಸಿಗುತ್ತದೆ. ಮೇಲಿನ ತೂಕಕ್ಕೆ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ಕುಸಿದು ನಿಂತಿದೆ ನೋಡಿ, ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಗಾಡಿ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ಬಂತು. 25 ಸೆಂಟಿಮೀಟರ್ ಕುಸಿದರೆ ಸೆಕೆಂಡಿಗೆ ಒಂದು ಸಲ. ಕಾರುಗಳೆಲ್ಲ ಸಾಮಾನ್ಯವಾಗಿ 1ರಿಂದ 1.5ರ ನಡುವೆ ತೂಗುತ್ತವೆ.

ಪಿಕಪ್ಪಿನ ಪಾಡೇ ಬೇರೆ. ಒಂದು ಟನ್‌ಗೂ ಮೀರಿ ಹೊರಬೇಕಾದ ಹಿಂದಿನ ಕಮಾನು ಪಟ್ಟಿ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಖಾಲಿ ಗಾಡಿಗೆ ಬಗ್ಗುವುದು ತೀರಾ ಕಡಿಮೆ. ನಮ್ಮದರಲ್ಲಿ ಲೋಡು ಹಾಕಿದರೆ ಕುಸಿತ ಸುಮಾರು 14 ಸೆಂಟಿಮೀಟರ್, ಖಾಲಿ ಇದ್ದಾಗ 4. ಲೆಕ್ಕ ಹಾಕಿದರೆ ಲೋಡಿನಲ್ಲಿ ಸೆಕೆಂಡಿಗೆ 1.3 ಸಲ, ಖಾಲಿಯಲ್ಲಿ 2.5. ತೊಟ್ಟಿಲು ಯಾಕೆ ಅನ್ನುವುದು ಗೊತ್ತಾಯಿತು. ಆದರೆ ಜರಡಿ ಯಾಕೆ ಅನ್ನುವುದಕ್ಕೆ ಈ ಲೆಕ್ಕ ಸಾಲದು. ನಾವು ನಡೆಯುವಾಗ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಹೆಜ್ಜೆ ಹಾಕುತ್ತೇವೆ, ಪ್ರತಿ ಹೆಜ್ಜೆಗೂ ಮೈ ಒಮ್ಮೆ ಏರಿ ಇಳಿಯುತ್ತದೆ. ಎರಡೂವರೆ ಅಂದರೆ ದೇಹಕ್ಕೆ ತೀರಾ ಅಪರಿಚಿತ ಲಯವೇನಲ್ಲ. ಹೊಟ್ಟೆ, ಬೆನ್ನುಮೂಳೆ ಹೆಚ್ಚು ನೋಯುವುದು ಕೂತವರನ್ನು ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಅಲ್ಲಾಡಿಸಿದಾಗ. ಹೊಟ್ಟೆಯೊಳಗಿನ ಅಂಗಗಳು ತಾವೇ ತೂಗುವ ಲಯವೂ ಅದರ ಆಸುಪಾಸಿನದೇ. ಮೈಗೆ ತಗಲುವ ಕಂಪನವನ್ನು ಅಳೆಯುವ ಐಎಸ್‌ಒ 2631 ಮಾನಕ ಈ ಲಯಗಳಿಗೇ ಹೆಚ್ಚು ಮಹತ್ವ ಕೊಡುತ್ತದೆ.

ಕಂಪನ ಅಳೆಯುವ ಆ್ಯಪ್ ಹಾಕಿದ ಮೊಬೈಲನ್ನು ಸೀಟಿನ ಕೆಳಗೆ ನೆಲಕ್ಕೆ ಟೇಪಿನಿಂದ ಅಂಟಿಸಿ ತೋಟದ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ತೋರಿಸಿದ್ದು ನಾಲ್ಕೂವರೆ. ಎರಡೂವರೆ ಬರಬೇಕಾದಲ್ಲಿ ನಾಲ್ಕೂವರೆ ಬಂದದ್ದು ಎಲ್ಲಿಂದ?

ಇದಕ್ಕೆ ಉತ್ತರ ಹುಡುಕುವ ಮೊದಲೇ ನಾನು ದುಡ್ಡು ಕಳೆದುಕೊಂಡಿದ್ದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಗಾಡಿ ಕುಲುಕುತ್ತದೆ ಅಂದರೆ ಯಾರನ್ನೇ ಕೇಳಿ, “ಶಾಕಪ್ ಹೋಗಿದೆ” ಅನ್ನುತ್ತಾರೆ, ಅಂದರೆ ಶಾಕ್ ಅಬ್ಸಾರ್ಬರ್. ನಾನೂ ನಂಬಿ ನಾಲ್ಕಕ್ಕೆ ನಾಲ್ಕೂ ಹೊಸದು, ಅದೂ ಹೆವಿ ಡ್ಯೂಟಿ, ಹಾಕಿಸಿದೆ. ಕುಲುಕಾಟ ಇನ್ನಷ್ಟು ಒರಟಾಯಿತು. ಶಾಕಪ್ ಗಾಡಿಯ ತೂಕ ಹೊರುವುದಿಲ್ಲ. ಅದರೊಳಗೆ ಎಣ್ಣೆ, ಎಣ್ಣೆ ನುಗ್ಗಲು ಸಣ್ಣ ತೂತುಗಳು. ತೂಗಾಟ ಜೋರಾದಷ್ಟೂ ಎಣ್ಣೆಯ ತಡೆ ಜೋರು. ಆ ಶಕ್ತಿಯೆಲ್ಲ ಬಿಸಿಯಾಗಿ ಹೊರಟುಹೋಗುತ್ತದೆ. ಗುಂಡಿ ಹಾರಿದ ಮೇಲೂ ಗಾಡಿ ಮೂರು ನಾಲ್ಕು ಸಲ ತೂಗುತ್ತಲೇ ಇದ್ದರೆ, ಕೊಳವೆಯ ಮೈಗೆ ಎಣ್ಣೆ ಸೋರಿ ಧೂಳು ಮೆತ್ತಿದ್ದರೆ ಬದಲಿಸಲೇಬೇಕು. ನನ್ನ ಗಾಡಿಯಲ್ಲಿ ತೂಗಾಟವೇ ಇರಲಿಲ್ಲ. ತೂಗದ ತೊಟ್ಟಿಲಿಗೆ ತಡೆ ಹಾಕಿಸಿದ್ದೆ.

ಅದು ತೂಗುತ್ತಿಲ್ಲ ಎಂದು ಗೊತ್ತಾದದ್ದು ಚೀಲದಿಂದ. ಜನವರಿಯಲ್ಲಿ 50 ಕೆಜಿಯ ಚೀಲಗಳನ್ನು ಹೇರುವಾಗ ಹಿಂದಿನ ಚಕ್ರದ ನಡುಬಿಂದುವಿನಿಂದ ಮೇಲಿನ ಬಾಡಿಯ ಅಂಚಿನವರೆಗೆ ಟೇಪು ಹಿಡಿದು ಅಳೆಯುತ್ತಾ ಹೋದೆ. ಒಂದು ಚೀಲ ಆಕ್ಸಲ್ಲಿನ ನೇರಕ್ಕೆ ಇಟ್ಟರೆ ಸುಮಾರು 4 ಮಿಲಿಮೀಟರ್ ಇಳಿಯಬೇಕು. ಮೊದಲ ಚೀಲಕ್ಕೆ ಟೇಪು ಕದಲಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದು ಬಿದ್ದಾಗ ಕೆಳಗಿನಿಂದ ‘ಕಿರ್’ ಎಂದು ಸದ್ದು ಬಂದು ಗಾಡಿ ಒಮ್ಮೆಲೇ ತಗ್ಗಿತು. ಚೀಲ ತೂಗುತ್ತಿದ್ದ ಹುಡುಗ ನಕ್ಕ, “ಅಣ್ಣ, ಟೈಲರ್ ಕೆಲಸ ಯಾವಾಗಿಂದ?” ಮೂರನ್ನೂ ಮತ್ತೆ ಇಳಿಸಿಸಿದೆ. ಗಾಡಿ ಮೊದಲಿನ ಎತ್ತರಕ್ಕೆ ಏಳಲಿಲ್ಲ. ಹುಡುಗ ಈಗ ನಗಲಿಲ್ಲ, ಇಳಿಸಿದವನು ಅವನೇ.

ಕಮಾನು ಪಟ್ಟಿ ಅಂದರೆ ಒಂದರ ಮೇಲೊಂದು ಪೇರಿಸಿ ನಡುವೆ ಬಿಗಿದ ಉಕ್ಕಿನ ಪಟ್ಟಿಗಳ ಕಟ್ಟು. ಕಟ್ಟು ಬಗ್ಗಬೇಕಾದರೆ ಪ್ರತಿ ಪಟ್ಟಿಯೂ ಪಕ್ಕದ್ದರ ಮೇಲೆ ಕೂದಲೆಳೆಯಷ್ಟು ಜಾರಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು ನೀರು, ಆಮೇಲೆ ಧೂಳು. ಪಟ್ಟಿಗಳ ಸಂದಿಯಲ್ಲಿ ತುಕ್ಕು ಬೆಳೆದು ಅವನ್ನು ಒಂದಕ್ಕೊಂದು ಕಚ್ಚಿಸುತ್ತದೆ. ಆಗ ಸಣ್ಣ ಪೆಟ್ಟಿಗೆ ಪಟ್ಟಿ ಜಾರುವುದೇ ಇಲ್ಲ, ಏಳು ಪಟ್ಟಿ ಸೇರಿ ಒಂದು ತೊಲೆಯಾಗುತ್ತದೆ. ಲೋಡಿದ್ದಾಗ ಪೆಟ್ಟು ದೊಡ್ಡದು, ಕಚ್ಚು ಬಿಟ್ಟುಕೊಡುತ್ತದೆ. ಖಾಲಿ ಗಾಡಿಗೆ ಆ ಶಕ್ತಿಯಿಲ್ಲ.

ಸ್ಪ್ರಿಂಗು ಕೆಲಸ ನಿಲ್ಲಿಸಿದ ಮೇಲೆ ಇಡೀ ಗಾಡಿ ಕುಣಿಯುವುದು ಟೈರಿನ ಗಾಳಿಯ ಮೇಲೆ. ಟೈರು ಕಮಾನು ಪಟ್ಟಿಗಿಂತ ಎಷ್ಟೋ ಪಟ್ಟು ಗಡುಸು, ಹಾಗಾಗಿ ಲಯವೂ ಚುರುಕು: ನಮ್ಮ ಗಾಡಿಯ ತೂಕಕ್ಕೆ ಸೆಕೆಂಡಿಗೆ ನಾಲ್ಕೂವರೆಯ ಹತ್ತಿರ. ಮೊಬೈಲು ತೋರಿಸಿದ್ದು ಇದನ್ನೇ. ಶಾಕಪ್ ಇರುವುದು ಆಕ್ಸಲ್ಲಿಗೂ ಚಾಸಿಗೂ ನಡುವೆ. ಅವೆರಡೂ ಒಟ್ಟಿಗೇ ಎಗರಿದರೆ ಅದು ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ, ಎಷ್ಟು ದುಬಾರಿಯದಾದರೂ ಸರಿ. ತೋಟದ ರಸ್ತೆಯಲ್ಲಿ ಅರ್ಧ ಮೀಟರಿಗೊಂದು ಕಲ್ಲು ಎದ್ದಿದ್ದು ನೀವು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಐದೂವರೆ ಪೆಟ್ಟು. ಅಮ್ಮನ ಸೊಂಟಕ್ಕೆ ಇದಕ್ಕಿಂತ ಕೆಟ್ಟ ಲಯ ಹುಡುಕಿದರೂ ಸಿಗಲಿಕ್ಕಿಲ್ಲ.

ಪಟ್ಟಿ ಬಿಚ್ಚಿಸಲು ಹಾಸನಕ್ಕೆ ಹೋಗಿದ್ದೆ, ಬಿ.ಎಂ. ರಸ್ತೆಯ ಬದಿಯ ಒಂದು ಪಟ್ಟಿ ಅಂಗಡಿಗೆ. ಮೇಸ್ತ್ರಿ ಬಗ್ಗಿ ನೋಡಿದವರೇ ತೀರ್ಪು ಕೊಟ್ಟರು, “ಎರಡು ಪ್ಲೇಟು ತೆಗ್ದಾಕಿ ಸಾರ್, ಕಾರ್ ಥರ ಆಗುತ್ತೆ.” ಬಹಳ ಜನ ಮಾಡುವುದೂ ಇದನ್ನೇ. ಒಂದೇ ದಪ್ಪದ ಏಳರಲ್ಲಿ ಎರಡು ತೆಗೆದರೆ ಗಡಸುತನ ಏಳರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಆದರೆ ಲಯ ಇಳಿಯುವುದು ವರ್ಗಮೂಲದಲ್ಲಿ, ಎರಡೂವರೆ ಇದ್ದದ್ದು 2.1 ಆಗುತ್ತದೆ, ಅಷ್ಟೇ. ಅದೇ ಲೋಡಿಗೆ ಉಳಿದ ಐದು ಪಟ್ಟಿಗಳ ಮೇಲೆ ಬೀಳುವ ಒತ್ತಡ ಮಾತ್ರ ಶೇ. 40ರಷ್ಟು ಹೆಚ್ಚು. ಸಿಗುವುದು ಕಡಿಮೆ, ತೆರುವುದು ಜಾಸ್ತಿ. ಹಿಂದಿನ ಸ್ಪ್ರಿಂಗು ಮುಂದಿನದಕ್ಕಿಂತ ಮೆತ್ತಗಾಗುವುದೂ ಒಳ್ಳೆಯದಲ್ಲ. ದಿಣ್ಣೆಗೆ ಮುಂಚಕ್ರ ಮೊದಲು ಹತ್ತುತ್ತದೆ. ಹಿಂದಿನದು ಚುರುಕಾಗಿದ್ದರೆ ಓಡಿ ಬಂದು ಜೊತೆಗೂಡಿ ಇಡೀ ಗಾಡಿ ಒಟ್ಟಿಗೆ ತೂಗುತ್ತದೆ, ಇಲ್ಲವಾದರೆ ಏತದಂತೆ ಮುಂದೊಮ್ಮೆ ಹಿಂದೊಮ್ಮೆ ಏಳುತ್ತದೆ. ರೋಲ್ಸ್ ರಾಯ್ಸ್‌ನಲ್ಲಿದ್ದು ಆಮೇಲೆ ಅಮೆರಿಕಕ್ಕೆ ಹೋದ ಮಾರಿಸ್ ಆಲಿ ಎಂಬ ಎಂಜಿನಿಯರ್ 1930ರ ದಶಕದಲ್ಲೇ ಇದನ್ನು ಕಾರುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು.

ಇನ್ನೊಂದು ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಹಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿನಿಂದ ಒಂದು ಸಣ್ಣ ಸರಳು ಬ್ರೇಕಿನ ವಾಲ್ವಿಗೆ ಹೋಗಿರುತ್ತದೆ. ಗಾಡಿ ಎಷ್ಟು ತಗ್ಗಿದೆ ಎಂಬುದರಿಂದ ಲೋಡನ್ನು ಅಂದಾಜು ಮಾಡಿ ಅದು ಹಿಂದಿನ ಚಕ್ರಗಳಿಗೆ ಬ್ರೇಕು ಹಂಚುತ್ತದೆ. ಪಟ್ಟಿ ತೆಗೆದು ಗಾಡಿ ಕುಸಿದರೆ ಖಾಲಿ ಗಾಡಿಯನ್ನೂ ಲೋಡು ಗಾಡಿ ಎಂದುಕೊಂಡು ಹಿಂಚಕ್ರಕ್ಕೆ ಹೆಚ್ಚು ಬ್ರೇಕು ಬಿಡುತ್ತದೆ. ಮಳೆಗಾಲದ ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಹಿಂಚಕ್ರ ಕಚ್ಚಿ ಜಾರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಒಂದೂ ಪಟ್ಟಿ ತೆಗೆಯುವುದು ಬೇಡ, ಬಿಡಿಸಿದರೆ ಸಾಕು ಅಂದೆ. ನಡುವಿನ ಬೋಲ್ಟು ತಿರುಗದೆ ಗ್ಯಾಸಿನಲ್ಲಿ ಕತ್ತರಿಸಬೇಕಾಯಿತು. ಕಟ್ಟು ಕಳಚಿದಾಗ ಸಂದಿಯಿಂದ ತುಕ್ಕು ಹಳೆಯ ಹಪ್ಪಳದ ಹಾಗೆ ಚಕ್ಕೆ ಚಕ್ಕೆಯಾಗಿ ಉದುರಿತು. ಮೇಸ್ತ್ರಿ ನನ್ನ ಬೆರಳು ಹಿಡಿದು ಎರಡನೇ ಪಟ್ಟಿಯ ತಳದ ಮೇಲೆ ಆಡಿಸಿದರು. ಕೆಳಗಿನ ಪಟ್ಟಿಯ ತುದಿ ವರ್ಷಗಟ್ಟಲೆ ಒತ್ತಿ ಒತ್ತಿ ಅಲ್ಲೊಂದು ತಗ್ಗು ಕೊರೆದಿತ್ತು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಪಟ್ಟಿ ಜಾರಬೇಕಾದರೆ ಪ್ರತಿ ಸಲವೂ ಆ ಮೆಟ್ಟಿಲು ಹತ್ತಬೇಕು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುದಿಗಳ ಅಂಚನ್ನು ಗ್ರೈಂಡರಿನಲ್ಲಿ ಗುಂಡಗೆ ಮಾಡಿ, ತಗ್ಗನ್ನು ಸವರಿ, ಗ್ರಾಫೈಟ್ ಹಚ್ಚಿ, ತುದಿಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಕೂರಿಸಿ ಮತ್ತೆ ಕಟ್ಟಿದರು. ಕೆಲವರು ಹಳೆ ಎಂಜಿನ್ ಆಯಿಲ್ ಸುರಿಯುತ್ತಾರೆ. ಅದು ಪಟ್ಟಿಯನ್ನು ಗಾಡಿಗೆ ಜೋಡಿಸುವಲ್ಲಿ ಕೂರುವ ರಬ್ಬರ್ ಬುಶ್ಶನ್ನು ಉಬ್ಬಿಸಿ ಹಾಳು ಮಾಡುತ್ತದೆ. ಮುರಿದ ಒಂದು ಪಟ್ಟಿಯನ್ನು ಮಾತ್ರ ಬದಲಿಸಿದ್ದು. ಹಳೆಯದನ್ನು ಬಿಟ್ಟು ಬರಲಿಲ್ಲ. ಇಷ್ಟೊಂದು ಇಂಗಾಲವಿರುವ ಉಕ್ಕಿನಲ್ಲಿ ಕಮ್ಮಾರ ಮಾಡಿಕೊಡುವ ಮರಗಸಿ (ನೆರಳು ಮರದ ಕೊಂಬೆ ಸವರುವ) ಕತ್ತಿಗೆ ಅಂಗಡಿಯ ಕತ್ತಿ ಸಮವಲ್ಲ.

ಇಷ್ಟೆಲ್ಲ ಆಗಿ ವಾಪಸ್ ಬರುವಾಗ ಗಾಡಿ ಅರ್ಧಕ್ಕರ್ಧ ಮಾತ್ರ ಸುಧಾರಿಸಿತ್ತು. ಕಾರಣ ತಿಳಿಯಲು ಒಂದು ವಾರ ಹಿಡಿಯಿತು. ಹೊಸ ರಬ್ಬರ್ ಬುಶ್ಶುಗಳ ಬೋಲ್ಟನ್ನು ಗಾಡಿ ಜಾಕಿನ ಮೇಲೆ ಇರುವಾಗಲೇ, ಚಕ್ರ ನೇತಾಡುತ್ತಿರುವಾಗಲೇ, ಪೂರ್ತಿ ಬಿಗಿದಿದ್ದರು. ಈ ಬುಶ್ಶು ತಿರುಗುವುದಿಲ್ಲ, ರಬ್ಬರು ತಿರುಚಿಕೊಂಡು ಕೆಲಸ ಮಾಡುತ್ತದೆ. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ಗಾಡಿ ನೆಲಕ್ಕೆ ಇಳಿದಾಗಲೇ ಅರ್ಧ ತಿರುಚಿ ಕೂತಿರುತ್ತದೆ. ಬೇಗ ಹರಿಯುತ್ತದೆ ಕೂಡ. ನಮ್ಮ ಶೆಡ್ಡಿನಲ್ಲೇ ಬೋಲ್ಟು ಸಡಿಲಿಸಿ, ನಾಲ್ಕು ಚಕ್ರ ನೆಲದಲ್ಲಿಟ್ಟು, ಗಾಡಿಯನ್ನು ಎರಡು ಸಲ ಒತ್ತಿ ಕುಲುಕಿ ಆಮೇಲೆ ಬಿಗಿದೆ. ಹತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ.

ಟೈರಿನ ಗಾಳಿಯದೂ ಖರ್ಚಿಲ್ಲದ ಕೆಲಸವೇ. ಬಾಗಿಲ ಹತ್ತಿರದ ಚೀಟಿಯಲ್ಲಿ ಲೋಡಿಗೆ ಬೇರೆ, ಖಾಲಿಗೆ ಬೇರೆ ಎಂದು ಕೊಟ್ಟಿದ್ದರೆ ಹಾಗೇ ಇಟ್ಟುಕೊಳ್ಳಿ. ಸುಗ್ಗಿಗೆ ತುಂಬಿಸಿದ ಗಾಳಿಯಲ್ಲೇ ವರ್ಷವಿಡೀ ಓಡಾಡುವವರು ನಮ್ಮಲ್ಲಿ ಬಹಳ. ಚೀಟಿಯಲ್ಲಿರುವುದಕ್ಕಿಂತ ಕಡಿಮೆ ಇಳಿಸಬೇಡಿ, ಟೈರು ಬಿಸಿಯಾಗಿ ಕೆಡುತ್ತದೆ. ಕೊನೆಗೆ ಸೀಟಿನ ಸತ್ತುಹೋದ ಸ್ಪಂಜು ಬದಲಿಸಿದೆ. ಶಾಕಪ್ಪಿಗೆ ಸುರಿದ ದುಡ್ಡನ್ನು ಮೊದಲು ಸೀಟಿಗೆ ಹಾಕಿದ್ದರೆ ಅಮ್ಮನಾದರೂ ಮೆಚ್ಚುತ್ತಿದ್ದರು.

ಮತ್ತೆ ಚೀಲ ಇಟ್ಟು ಅಳೆದೆ. ಮೊದಲ ಚೀಲಕ್ಕೆ 3 ಮಿಲಿಮೀಟರ್, ಎರಡನೆಯದಕ್ಕೆ 4. ಇಳಿಸಿದಾಗ ಎದ್ದು ನಿಂತಿತು. ಮೊಬೈಲು ಎರಡೂವರೆಯ ಆಸುಪಾಸು ತೋರಿಸಿತು. ಖಾಲಿ ಗಾಡಿ ಈಗಲೂ ಕಾರಲ್ಲ, ಆಗುವುದೂ ಇಲ್ಲ.

ಆ ‘ಕಿರ್’ ಸದ್ದೂ ಹೋಯಿತು. ಪಟ್ಟಿ ಕಚ್ಚಿ, ತಟ್ಟನೆ ಜಾರಿ, ಮತ್ತೆ ಕಚ್ಚುವಾಗ ಹುಟ್ಟುತ್ತಿದ್ದ ಸದ್ದು ಅದು. ಪಿಟೀಲಿನ ತಂತಿ ಕಮಾನಿಗೆ ಕಚ್ಚಿ ಜಾರಿ ನಾದ ಹೊರಡುವುದೂ ಹೀಗೆಯೇ. ಎರಡಕ್ಕೂ ಕಮಾನು ಎಂದೇ ಹೆಸರು. ಗಾಡಿ ಕೆರೆ ಏರಿ ದಾಟುವಾಗಲೇ ಆ ಸದ್ದು ಕೇಳಿ ನಮ್ಮ ನಾಯಿ ಗೇಟಿಗೆ ಓಡಿ ಬರುತ್ತಿತ್ತು. ಈಗ ಹಾರ್ನ್ ಹೊಡೆದರೂ ಮಲಗಿದಲ್ಲಿಂದ ಕಿವಿ ಎತ್ತಿ ನೋಡಿ ಸುಮ್ಮನಾಗುತ್ತದೆ, ಯಾರದೋ ಗಾಡಿ ಬಂತು ಅನ್ನುವ ಹಾಗೆ.