ಎಕ್ಸ್‌ಬೀ ಪ್ಯಾಕೆಟ್‌ನಲ್ಲಿ 19ರ ಕಾಟ

ಎಕ್ಸ್‌ಬೀ ಜಿಗ್‌ಬೀ ರೇಡಿಯೊವನ್ನು ಎಪಿಐ ಮೋಡ್‌ನಲ್ಲಿ (ಎಲ್ಲವೂ ಪ್ಯಾಕೆಟ್‌ಗಳಾಗಿ ಹೋಗಿಬರುವ ಬಗೆ) ಆರ್ಡುಯಿನೊ ಬೋರ್ಡ್‌ಗೆ ಜೋಡಿಸಿದವರಿಂದ ಹೆಚ್ಚಾಗಿ ಬರುವ ದೂರು ಇದು: ರೇಡಿಯೊದ ಸೆಟ್ಟಿಂಗ್ ಕೇಳುವ, ಬದಲಿಸುವ ಎಟಿ ಕಮಾಂಡ್‌ಗಳಿಗೆ ಉತ್ತರ ಬರುತ್ತದೆ, ಆದರೆ ಇನ್ನೊಂದು ರೇಡಿಯೊ ಕಳಿಸಿದ ಡೇಟಾ ಪ್ರತಿ ಸಲವೂ ಚೆಕ್‌ಸಮ್ (ಪ್ಯಾಕೆಟ್ ಸರಿಯಿದೆಯೇ ಎಂದು ನೋಡುವ ಕೊನೆಯ ಬೈಟ್) ತಪ್ಪಿ ಬಿದ್ದುಹೋಗುತ್ತದೆ. ಆಗ ಎಲ್ಲರ ಕೈಯೂ ಮೊದಲು ಆಂಟೆನಾಗೆ ಹೋಗುತ್ತದೆ. ಆದರೆ ಗಾಳಿಯಲ್ಲಿ ಕೆಟ್ಟ ಪ್ಯಾಕೆಟ್ಟನ್ನು ಮಾಡ್ಯೂಲೇ ಒಳಗೆ ಎಸೆದುಬಿಡುತ್ತದೆ, ಸೀರಿಯಲ್ ಪಿನ್‌ವರೆಗೆ ಅದು ಬರುವುದೇ ಇಲ್ಲ. ಅಂದಮೇಲೆ ಹುಡುಕಬೇಕಾದ್ದು ನಿಮ್ಮ ಕೋಡ್‌ನಲ್ಲಿ.

ಎರಡನೇ ರೇಡಿಯೊ ಇಲ್ಲದೆಯೇ ಇದನ್ನು ಮೇಜಿನ ಮೇಲೆ ಪರೀಕ್ಷಿಸಬಹುದು. ಎಪಿಐ ಮೋಡ್‌ನ ಬಗೆ ಆರಿಸುವ ಎಪಿ ಸೆಟ್ಟಿಂಗ್‌ನ ಮೌಲ್ಯ 2 ಇಟ್ಟು, ರೇಡಿಯೊದ 64 ಬಿಟ್ ವಿಳಾಸದ ಮೇಲಿನ ಅರ್ಧ ಕೇಳುವ ಎಸ್‌ಎಚ್ ಕಮಾಂಡ್ ಕಳಿಸಿ. ಕೈಪಿಡಿಯಲ್ಲಿ ಇವೆಲ್ಲ ಹೆಕ್ಸ್‌ನಲ್ಲಿ (16ರ ಮೂಲದ ಸಂಖ್ಯೆಗಳಲ್ಲಿ) ಇರುತ್ತವೆ, ಇಲ್ಲಿ ದಶಮಾಂಶದಲ್ಲೇ ಬರೆಯುತ್ತೇನೆ:

126, 0, 4, 8, 1, 83, 72, 91

126 ಪ್ಯಾಕೆಟ್‌ನ ಆರಂಭ. 0, 4 ಉದ್ದ. 8 ಎಂದರೆ ಎಟಿ ಕಮಾಂಡ್, 1 ಫ್ರೇಮ್ ಐಡಿ (ಫ್ರೇಮ್ ಎಂದರೂ ಪ್ಯಾಕೆಟ್ಟೇ, ಐಡಿ ಅದಕ್ಕೆ ನಾವು ಕೊಡುವ ಗುರುತು ಸಂಖ್ಯೆ), 83 ಮತ್ತು 72 ಎಸ್, ಎಚ್ ಅಕ್ಷರಗಳು. ಉದ್ದದ ನಂತರದ ಬೈಟ್‌ಗಳನ್ನು ಕೂಡಿ, ಮೊತ್ತದ ಕೆಳಗಿನ 8 ಬಿಟ್‌ಗಳನ್ನು 255ರಿಂದ ಕಳೆದರೆ ಚೆಕ್‌ಸಮ್: ಮೊತ್ತ 164, ಉತ್ತರ 91. ಮಾಡ್ಯೂಲ್ ಹೀಗೆ ಮಾರುತ್ತರ ಕೊಡುತ್ತದೆ:

126, 0, 9, 136, 1, 83, 72, 0, 0, 125, 51, 162, 0, 38

ಉದ್ದ 9 ಎಂದಿದೆ, ಎಣಿಸಿದರೆ 136ರಿಂದ ಚೆಕ್‌ಸಮ್‌ಗೆ ಮುಂಚಿನವರೆಗೆ 10 ಇವೆ. ಎಪಿ 2ರಲ್ಲಿ 126, 125, 17, 19 ಈ ನಾಲ್ಕು ಬೈಟ್‌ಗಳು ಪ್ಯಾಕೆಟ್‌ನೊಳಗೆ ನೇರವಾಗಿ ಬರುವಂತಿಲ್ಲ. ಮುಂದೆ 125 ಹಾಕಿ, ಮೂಲ ಬೈಟನ್ನು 32ರ ಜೊತೆ ಎಕ್ಸ್‌ಆರ್ ಮಾಡಿ (32ರ ಬೆಲೆಯ ಒಂದು ಬಿಟ್ಟನ್ನು ಮಾತ್ರ ತಿರುಗಿಸಿ) ಕಳಿಸಬೇಕು. ಹಾಗಾಗಿ 125, 51 ಎಂಬ ಜೋಡಿ ನಿಜದಲ್ಲಿ ಒಂದೇ ಬೈಟ್, 19. ಇದನ್ನು ಬಿಡಿಸದ ಕೋಡ್ 162ರವರೆಗೆ 9 ಎಣಿಸಿ, ಮುಂದಿನ 0ಯನ್ನು ಚೆಕ್‌ಸಮ್ ಎಂದುಕೊಳ್ಳುತ್ತದೆ.

ಡಿಜಿ ಕಂಪನಿಯ ಎಕ್ಸ್‌ಬೀ ವಿಳಾಸಗಳು ಶುರುವಾಗುವುದೇ 0, 19, 162 ಎಂದು. ರೇಡಿಯೊದಿಂದ ಬರುವ ಪ್ರತಿಯೊಂದು ಡೇಟಾ ಫ್ರೇಮ್‌ನಲ್ಲೂ, ಅಂದರೆ 144ನೇ ಬಗೆಯ ಫ್ರೇಮ್‌ನಲ್ಲಿ, ಕಳಿಸಿದವರ 64 ಬಿಟ್ ವಿಳಾಸ ಇದ್ದೇ ಇರುತ್ತದೆ. ಎಟಿ ಉತ್ತರಗಳಲ್ಲಿ ಸಾಮಾನ್ಯವಾಗಿ ವಿಳಾಸ ಇರುವುದಿಲ್ಲ. ಅವು ಪಾಸಾಗಿ ಡೇಟಾ ಮಾತ್ರ ಫೇಲಾಗುವುದು ಇದಕ್ಕೇ.

ಇದನ್ನು ಸರಿಮಾಡಿದವರೂ ಎಡವುವ ಜಾಗ ಉದ್ದದ ಬೈಟ್. 144ರ ಫ್ರೇಮ್‌ನಲ್ಲಿ ಸಂದೇಶ ಬಿಟ್ಟು 12 ಬೈಟ್ ಇರುತ್ತವೆ. ಉಷ್ಣಾಂಶ 27.4 ಎಂದು ಬಂದರೆ ಉದ್ದ 16, ತಕರಾರಿಲ್ಲ. 27.45 ಎಂದು ಬಂದ ಕೂಡಲೇ 17, ಅದು ತಂತಿಯ ಮೇಲೆ 125, 49 ಆಗಿಬಿಡುತ್ತದೆ. ಕಳಿಸುವಾಗ 16ನೇ ಬಗೆಯ ಫ್ರೇಮ್‌ಗೆ 14 ಬೈಟ್ ಸ್ಥಿರ, ಹಾಗಾಗಿ ಅಲ್ಲಿ ಮೂರು ಮತ್ತು ಐದು ಅಕ್ಷರದ ಸಂದೇಶಗಳು ಕಾಡುತ್ತವೆ. ಮೊದಲ 126 ಒಂದನ್ನು ಬಿಟ್ಟು ಉದ್ದ, ಚೆಕ್‌ಸಮ್ ಸಮೇತ ಎಲ್ಲಕ್ಕೂ ಈ ನಿಯಮ ಅನ್ವಯ. ಎಣಿಕೆ ಮತ್ತು ಮೊತ್ತ ಮಾತ್ರ ಮೂಲ ಬೈಟ್‌ಗಳದ್ದು.

ಓದುವ ಕೋಡ್ ಹೀಗಿರಲಿ: 126 ಕಂಡರೆ ಯಾವ ಹಂತದಲ್ಲಿದ್ದರೂ ಎಲ್ಲ ಅಳಿಸಿ ಹೊಸದಾಗಿ ಶುರು. 125 ಕಂಡರೆ ಎಣಿಸದೆ ಒಂದು ಫ್ಲ್ಯಾಗ್ ಎತ್ತಿ, ಮುಂದಿನದನ್ನು ಎಕ್ಸ್‌ಆರ್ ಮಾಡಿ. ಎಪಿ 1ರಲ್ಲಿ ಈ ರಗಳೆಯಿಲ್ಲ ನಿಜ, ಆದರೆ ಅಲ್ಲಿ ಸಂದೇಶದೊಳಗೂ 126 ಬರಬಹುದು. ಒಂದು ಬೈಟ್ ಕಳೆದರೆ ಮತ್ತೆ ದಾರಿಗೆ ಬರುವುದು ಕಷ್ಟ. ನಾನಂತೂ ಎಪಿ 2ನ್ನೇ ಆರಿಸುತ್ತೇನೆ. ಮೌಲ್ಯ ಬದಲಿಸಿದ ಮೇಲೆ ಅದನ್ನು ಉಳಿಸಿಡುವ ಡಬ್ಲ್ಯುಆರ್ ಕಮಾಂಡ್ ಕೊಡಿ, ಇಲ್ಲದಿದ್ದರೆ ಪವರ್ ಹೋದಾಗ ಹಳೆಯದಕ್ಕೇ ಮರಳುತ್ತದೆ.

ಬೈಟ್ ಕಳೆಯುವುದೂ ಅಪರೂಪವೇನಲ್ಲ. ಆರ್ಡುಯಿನೊ ಊನೊ (ಆರ್3) ಬೋರ್ಡ್‌ನ ಸೀರಿಯಲ್ ಬಫರ್, ಅಂದರೆ ಓದುವವರೆಗೆ ಬೈಟ್‌ಗಳನ್ನು ಹಿಡಿದಿಡುವ ಜಾಗ, 64 ಬೈಟ್. 9600 ಬಾಡ್‌ನಲ್ಲಿ ಸೆಕೆಂಡಿಗೆ 960 ಬೈಟ್ ಬಂದರೆ ಅದು 67 ಮಿಲಿಸೆಕೆಂಡಿನಲ್ಲಿ ಭರ್ತಿ. ಲೂಪ್‌ನಲ್ಲಿ 100 ಮಿಲಿಸೆಕೆಂಡಿನ ಡಿಲೇ ಇದ್ದರೆ ಬಾಲ ಕತ್ತರಿಸಿದ ಪ್ಯಾಕೆಟ್ಟೇ ಸಿಗುವುದು. ಡಿಲೇ ತೆಗೆಯಿರಿ, ಅಥವಾ ಎಕ್ಸ್‌ಬೀಯ ಡಿ6 ಸೆಟ್ಟಿಂಗ್ 1 ಮಾಡಿ ಅದರ 16ನೇ ಪಿನ್‌ನ ಆರ್‌ಟಿಎಸ್ (ಸ್ವಲ್ಪ ತಡೆ ಎಂದು ಎಕ್ಸ್‌ಬೀಗೆ ಹೇಳುವ ಸಂಕೇತ) ಬಳಸಿ. ವೇಗ ಬೇಕಿದ್ದರೆ 38400 ಒಳ್ಳೆಯದು: 16 ಮೆಗಾಹರ್ಟ್ಸ್ ಊನೊದಲ್ಲಿ ವೇಗದ ದೋಷ ಶೇ 0.2ರ ಒಳಗೆ, 115200ರಲ್ಲಿ ಶೇ 2 ದಾಟುತ್ತದೆ. ಊನೊದ 5 ವೋಲ್ಟ್ ಟಿಎಕ್ಸ್ (ಕಳಿಸುವ ಪಿನ್) ಅನ್ನು ನೇರ ಎಕ್ಸ್‌ಬೀಯ 3ನೇ ಪಿನ್‌ಗೆ ಕೊಡಬೇಡಿ. ಸರಣಿಯಲ್ಲಿ 1 ಕಿಲೊಓಮ್, ಗ್ರೌಂಡ್‌ಗೆ 2 ಕಿಲೊಓಮ್ ಇಟ್ಟರೆ 3.3 ವೋಲ್ಟ್ ಸಿಗುತ್ತದೆ.

ಕಳಿಸುವ ಫ್ರೇಮ್‌ಗೆ ಐಡಿ 0 ಕೊಟ್ಟರೆ ತಲುಪಿತೋ ಇಲ್ಲವೋ ಎಂಬ ವರದಿ ಬರುವುದಿಲ್ಲ, 1ರಿಂದ 255ರೊಳಗೆ ಕೊಡಿ. ಆಗ ಬರುವ 139ನೇ ಬಗೆಯ ಫ್ರೇಮ್‌ನಲ್ಲಿ ತಲುಪಿದ ಸ್ಥಿತಿ 0 ಇದ್ದರೆ ಸರಿ, 36 ಎಂದರೆ ವಿಳಾಸ ಸಿಕ್ಕಿಲ್ಲ, 116 ಎಂದರೆ ಸಂದೇಶ ಉದ್ದವಾಯಿತು. 33 ಬಂದರೆ ಆಚೆಯಿಂದ ಸ್ವೀಕೃತಿ ಬಂದಿಲ್ಲ ಎಂದರ್ಥ, ಆಂಟೆನಾ ಮುಟ್ಟುವುದಿದ್ದರೆ ಆಗ ಮುಟ್ಟಿ.